ಬಣ್ಣ ಕೊನೆಗೆ ನೋಡಿ: ಮಂಗಳೂರು–ಉಡುಪಿ ಬಂಡೆಗಳಲ್ಲಿ ಪುಟ್ಟ ಸೀ ಸ್ಲಗ್ ಗುರುತಿಸುವ ಸಮಗ್ರ ಮಾರ್ಗದರ್ಶಿ

ದೊಡ್ಡ ಇಳಿತ ಇದ್ದ ಭಾನುವಾರ ಸಂಜೆ ನನ್ನ ವಾಟ್ಸಾಪ್‌ಗೆ ತಪ್ಪದೆ ನಾಲ್ಕೈದು ಫೋಟೋ ಬರುತ್ತವೆ. ಅಂಗೈ ಮೇಲೆ ಒಂದು ಬೂದು ಬಣ್ಣದ ಮುದ್ದೆ, ಕೆಳಗೆ ಒಂದೇ ಸಾಲು: "ಇದು ಯಾವುದು?" ಹೇಳಲು ನನಗೆ ಆಗುವುದಿಲ್ಲ. ಬೇರೆ ಯಾರಿಗೂ ಆಗುವುದಿಲ್ಲ. ಒಂದು ಸೆಂಟಿಮೀಟರ್‌ಗಿಂತ ಚಿಕ್ಕ ಸೀ ಸ್ಲಗ್, ಅಂದರೆ ಚಿಪ್ಪು ಕಳೆದುಕೊಂಡ ಕಡಲ ಬಸವನಹುಳು, ನೀರಿನಿಂದ ಹೊರಗೆ ಬಂದರೆ ಸಿಂಬಳದ ಹನಿಯ ಹಾಗೆ ಕಾಣುತ್ತದೆ ಅಷ್ಟೆ.

ತಪ್ಪು ಎಲ್ಲರದೂ ಒಂದೇ. ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಇಂಟರ್ನೆಟ್‌ನಲ್ಲಿ ಅದೇ ಬಣ್ಣದ ಹುಳ ಹುಡುಕುತ್ತಾರೆ, ಸಿಕ್ಕಿದ ಹೆಸರು ಹಚ್ಚುತ್ತಾರೆ. ಸರಿಯಾದ ಕ್ರಮ ಇದಕ್ಕೆ ಪೂರಾ ಉಲ್ಟಾ. ಮೊದಲು ಅದು ಏನು ತಿನ್ನುತ್ತಿತ್ತು, ಆಮೇಲೆ ದೇಹದ ರಚನೆ, ಆಮೇಲೆ ಗುಂಪು, ಕುಟುಂಬ, ಕುಲ. ಬಣ್ಣ ಕಟ್ಟಕಡೆಗೆ.

## ಚೀಲದಲ್ಲಿ ಏನಿರಬೇಕು

ದುಬಾರಿ ಸಾಮಾನು ಬೇಡ. ಬಿಳಿ ಐಸ್‌ಕ್ರೀಮ್ ಡಬ್ಬಿ ಒಂದು, ಕಪ್ಪು ಮುಚ್ಚಳ ಒಂದು (ಬಿಳಿ ಹುಳ ಬಿಳಿ ಡಬ್ಬಿಯಲ್ಲಿ ಕಾಣುವುದಿಲ್ಲ), ಅಡಿ ಚಪ್ಪಟೆಯಾಗಿರುವ ಪಾರದರ್ಶಕ ಡಬ್ಬಿ ಒಂದು. ಪ್ಲಾಸ್ಟಿಕ್ ಚಮಚ, ಮಕ್ಕಳ ಮೆದುವಾದ ಪೇಂಟ್ ಬ್ರಷ್, ಡ್ರಾಪರ್. ಚಿನ್ನದಂಗಡಿಯವರು ಕಣ್ಣಿಗೆ ಹಿಡಿಯುತ್ತಾರಲ್ಲ, ಅಂಥ 10 ಪಟ್ಟಿನ ಭೂತಗನ್ನಡಿ. ಫೋನ್‌ಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್. ಗ್ರಾಫ್ ಹಾಳೆಯ ಸಣ್ಣ ತುಂಡಿಗೆ ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಳ್ಳಿ, ಅದೇ ನಿಮ್ಮ ಅಳತೆಪಟ್ಟಿ. ಬರೆಯಲು ಪೆನ್ಸಿಲ್, ಏಕೆಂದರೆ ಪೆನ್ನು ಒದ್ದೆ ಹಾಳೆಯಲ್ಲಿ ಕೈಕೊಡುತ್ತದೆ.

ಕಾಲಿಗೆ ಹಿಡಿತ ಇರುವ ಶೂ. ಹವಾಯಿ ಚಪ್ಪಲಿ ಹಾಕಿಕೊಂಡು ಪಾಚಿಬಂಡೆ ಹತ್ತುವವರನ್ನು ನಾನು ಜತೆಗೆ ಕರೆದುಕೊಂಡು ಹೋಗುವುದಿಲ್ಲ.

## ಹಂತ 1: ದಿನ ಮತ್ತು ಜಾಗ

ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮರುದಿನ, ಮೂರನೆಯ ದಿನ ಇಳಿತ ಜಾಸ್ತಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಇಳಿತ ಉಂಟು, ಆದರೆ ಎರಡೂ ಸಮ ಅಲ್ಲ. ಒಂದು 0.3 ಮೀಟರ್ ಹತ್ತಿರ ಇಳಿದರೆ ಇನ್ನೊಂದು 0.9ರ ಹತ್ತಿರವೇ ನಿಂತುಬಿಡಬಹುದು. ಎರಡನೆಯದಕ್ಕೆ ಹೋದರೆ ಬರಿ ಗಾಳಿ ಸೇವನೆ. ನವಮಂಗಳೂರು ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಿ, 0.3 ಅಥವಾ ಅದಕ್ಕಿಂತ ಕಡಿಮೆ ಇರುವ ಹೊತ್ತು ಆರಿಸಿ. ನೀರು ಪೂರ್ತಿ ಇಳಿಯುವ ಒಂದೂವರೆ ಗಂಟೆ ಮೊದಲೇ ಬಂಡೆಯ ಮೇಲಿರಿ. ನೀರು ತಿರುಗಿದ ಕೂಡಲೇ ಹಿಂದೆ ಬನ್ನಿ.

ನವೆಂಬರ್‌ನಿಂದ ಮೇ ನಡುವಿನ ತನಕ ಒಳ್ಳೆಯ ಕಾಲ. ಮಳೆಗಾಲದಲ್ಲಿ ನೀರು ಕೆಂಪು, ಅಲೆ ಜೋರು, ಹೊಳೆಗಳ ಸಿಹಿನೀರು ಬೇರೆ ಸೇರುತ್ತದೆ. ಅದೇ ಕಾರಣಕ್ಕೆ ಅಳಿವೆ ಬಾಯಿಯ ಹತ್ತಿರದ ಬಂಡೆ ಬಿಟ್ಟು ದೂರದ್ದನ್ನು ಆರಿಸಿ.

ಸುರತ್ಕಲ್ ದೀಪಸ್ತಂಭದ ಕೆಳಗಿನ ಬಂಡೆಗಳು, ಕಾಪು ದೀಪಸ್ತಂಭದ ಸುತ್ತಲಿನವು ಶುರು ಮಾಡುವವರಿಗೆ ಸಾಕು. ಸೋಮೇಶ್ವರದಲ್ಲಿ ಬಂಡೆ ಚೆನ್ನಾಗಿದೆ, ಆದರೆ ಅಲ್ಲಿನ ಅಲೆ ಹೇಳಿಕೇಳಿ ಬರುವುದಿಲ್ಲ. ಕಡಲಿಗೆ ಬೆನ್ನು ಹಾಕಿ ಬಗ್ಗಿ ಕೂರಬೇಡಿ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ನೋಡಿ, ಫೋಟೋ ತೆಗೆಯಿರಿ, ಕಲ್ಲು ಕದಲಿಸಬೇಡಿ, ಏನನ್ನೂ ತರಬೇಡಿ.

## ಹಂತ 2: ಹುಳವನ್ನಲ್ಲ, ಅದರ ಊಟವನ್ನು ಹುಡುಕಿ

ಆರು ಮಿಲಿಮೀಟರ್ ಹುಳವನ್ನು ಬಂಡೆಯ ಮೇಲೆ ಕಣ್ಣಿಟ್ಟು ಹುಡುಕಿದರೆ ಕಣ್ಣು ಹೋದೀತು. ಅದರ ಅನ್ನ ಎಲ್ಲಿದೆ ನೋಡಿ. ಸೀ ಸ್ಲಗ್‌ಗಳು ಊಟದ ವಿಷಯದಲ್ಲಿ ಭಾರೀ ಹಟದವು. ತುಂಬ ಪ್ರಭೇದಗಳು ಒಂದೋ ಎರಡೋ ಬಗೆಯ ಆಹಾರ ಬಿಟ್ಟು ಬೇರೆ ಮುಟ್ಟುವುದಿಲ್ಲ. ಹಾಗಾಗಿ ಅದು ಎಲ್ಲಿ ಕೂತಿತ್ತು ಎಂಬುದೇ ಅರ್ಧ ಉತ್ತರ.

ಕಲ್ಲಿನ ಸಂದಿಯಲ್ಲಿ, ಪಚ್ಚಿಲೆ ಎಂಬ ಚಿಪ್ಪುಜೀವಿಯ ಗೊಂಚಲಿನ ನಡುವೆ, ಹಳೆಯ ಬಲೆಯ ಹಗ್ಗದ ಮೇಲೆ ಕಂದು ದಾರದ ಗರಿಯಂತೆ ಬೆಳೆದದ್ದು ಕಂಡರೆ ಅದು ಹೆಚ್ಚಾಗಿ ಹೈಡ್ರಾಯ್ಡ್. ಗಿಡವಲ್ಲ, ಪ್ರಾಣಿ. ಮುಟ್ಟಿದರೆ ತುರಿಸುತ್ತದೆ. ಬೆನ್ನ ತುಂಬ ಬೆರಳಿನಂಥ ಎಳೆಗಳಿರುವ ಇಯೋಲಿಡ್‌ಗಳು ಇದರ ಮೇಲೆ. ಸ್ಪಂಜಿನ ಮೇಲೆ, ಬೆನ್ನಿನ ಹಿಂದೆ ಹೂವಿನಂಥ ಕಿವಿರಿರುವ ಡೋರಿಡ್‌ಗಳು. ಕಲರ್ಪ, ಬ್ರಯೋಪ್ಸಿಸ್‌ನಂಥ ಹಸಿರು ಪಾಚಿಯ ಮೇಲೆ ರಸ ಹೀರುವ ಸ್ಯಾಕೊಗ್ಲಾಸಾಗಳು. ಒದ್ದೆ ಮರಳಿನಲ್ಲಿ ತಲೆ ಸಲಿಕೆಯಂತಿರುವವು. ಇದು ಬಂಡೆಯ ಕೆಲಸ ಮಾತ್ರ ಅಂದುಕೊಳ್ಳಬೇಡಿ. ಪಶ್ಚಿಮ ಬಂಗಾಳ ಮತ್ತು ಒಡಿಶಾ ಕರಾವಳಿಯ ಮರಳಿನಿಂದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದವರು ಮೆಲನೋಕ್ಲ್ಯಾಮಿಸ್ ಕುಲದ ಹೊಸ ಪ್ರಭೇದಗಳನ್ನು ಹೆಸರಿಸಿದ್ದಾರೆ. ಅದರಲ್ಲಿ ಮೆಲನೋಕ್ಲ್ಯಾಮಿಸ್ ದ್ರೌಪದಿ ಎಂಬುದು 7 ಮಿಲಿಮೀಟರ್‌ವರೆಗೆ ಮಾತ್ರ ಬೆಳೆಯುತ್ತದೆ.

ಇನ್ನೊಂದು ಗುರುತು ಮೊಟ್ಟೆ. ಬಿಳಿ ರಿಬ್ಬನ್ ಚಕ್ಕುಲಿಯ ಹಾಗೆ ಸುತ್ತಿ ಅಂಟಿಕೊಂಡಿದ್ದರೆ ಅಮ್ಮ ಹತ್ತಿರದಲ್ಲೇ ಇರಬಹುದು. ಅಲ್ಲೇ ಕೂತು ಐದು ನಿಮಿಷ ನೋಡಿ. ನಾನು ಹೀಗೆ ಕೂತಾಗಲೇ ಗಾಳ ಹಾಕುವವರು ಬಂದು "ದಾದ ನಾಡೊಂದುಲ್ಲರ್?" (ಏನು ಹುಡುಕುತ್ತಿದ್ದೀರಿ?) ಎಂದು ತುಳುವಿನಲ್ಲಿ ಕೇಳುವುದು. ಹುಳ ಎಂದರೆ ನಗುತ್ತಾರೆ. ಆದರೆ ಯಾವ ಗುಂಡಿಯಲ್ಲಿ ಎಂಥ ಪಾಚಿ ಉಂಟು ಎಂದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಕಲ್ಲು ಮಗುಚಿದರೆ ಮೊದಲಿನ ಹಾಗೆಯೇ ಇಡಿ. ಅಡಿಭಾಗ ಬಿಸಿಲಿಗೆ ತೆರೆದುಬಿಟ್ಟರೆ ಅದರ ಮೇಲಿನ ಜೀವವೆಲ್ಲ ಮಧ್ಯಾಹ್ನದೊಳಗೆ ಒಣಗಿ ಸಾಯುತ್ತದೆ. ಹವಳ ಕಂಡರೆ ಕೀಳಬೇಡಿ, ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ. ಶಂಕುವಿನಾಕಾರದ ಚೆಂದದ ಶಂಖ ಜೀವಂತವಾಗಿ ಸಿಕ್ಕರೆ ಕೈಯಲ್ಲಿ ಹಿಡಿಯಬೇಡಿ. ಕೋನ್ ಶಂಖ ವಿಷದ ಬಾಣ ಹೊಡೆಯುತ್ತದೆ.

## ಹಂತ 3: ಮುಟ್ಟುವ ಮೊದಲು ಒಂದು ಫೋಟೋ, ಮುಟ್ಟಿದ ಮೇಲೆ ಐದು

ಮೊದಲ ಫೋಟೋ ಇದ್ದ ಜಾಗದಲ್ಲೇ. ಯಾವುದರ ಮೇಲೆ ಕೂತಿದೆ ಎಂಬುದು ಅದರಲ್ಲಿ ಕಾಣಬೇಕು.

ಆಮೇಲೆ ಬ್ರಷ್‌ನಿಂದ ಮೆಲ್ಲ ಜಾರಿಸಿ ಚಮಚಕ್ಕೆ, ಚಮಚದಿಂದ ಡಬ್ಬಿಗೆ. ಚಿಮುಟ ಬೇಡ. ಕೈ ಕೂಡ ಬೇಡ. ಡಬ್ಬಿಯಲ್ಲಿ ಅದೇ ಗುಂಡಿಯ ನೀರು ಎರಡು ಬೆರಳು ಎತ್ತರ ಇರಲಿ. ನಲ್ಲಿ ನೀರು ಒಂದು ಹನಿಯೂ ಸೇರಬಾರದು. ಈಗ ಸುಮ್ನೆ ಕಾಯಿರಿ. ಬಿದ್ದ ಕೂಡಲೇ ಅದು ಮುದುಡಿ ಉಂಡೆಯಾಗಿರುತ್ತದೆ. ಎರಡು ನಿಮಿಷ, ಕೆಲವೊಮ್ಮೆ ಐದು ನಿಮಿಷ. ಆಮೇಲೆ ತಲೆ ಚಾಚುತ್ತದೆ, ಕೊಂಬು ಎರಡು ಏಳುತ್ತವೆ, ಹಿಂದೆ ಮಡಚಿಟ್ಟಿದ್ದ ಕಿವಿರು ದಾಸವಾಳದ ಮೊಗ್ಗಿನ ಹಾಗೆ ಬಿಚ್ಚುತ್ತದೆ. ಅದು ಆರಾಮವಾಗಿ ಹರಿದಾಡಲು ಶುರು ಮಾಡಿದ ಮೇಲೆಯೇ ಕ್ಯಾಮೆರಾ ತೆಗೆಯಿರಿ. ಜನ ಸೋಲುವುದು ಈ ಐದು ನಿಮಿಷದಲ್ಲಿ. ಯಾರಿಗೂ ಕಾಯುವ ತಾಳ್ಮೆ ಇಲ್ಲ.

ಬೇಕಾದ ಐದು ಚಿತ್ರ: ಮೇಲಿನಿಂದ ಪೂರ್ತಿ ದೇಹ, ಪಕ್ಕದಲ್ಲಿ ಗ್ರಾಫ್ ತುಂಡು ಇಟ್ಟು. ಬದಿಯಿಂದ. ತಲೆ ಮತ್ತು ಕೊಂಬು ಹತ್ತಿರದಿಂದ. ಬೆನ್ನಿನ ಹಿಂಭಾಗ, ಕಿವಿರು ಇದ್ದರೆ ಅದು. ಕೊನೆಗೆ ಪಾರದರ್ಶಕ ಡಬ್ಬಿಗೆ ಹಾಕಿ, ಎತ್ತಿ ಹಿಡಿದು, ಅಡಿಯಿಂದ ಪಾದ ಮತ್ತು ಬಾಯಿ. ಈ ಐದನೆಯದನ್ನು ಕಳಿಸುವವರು ನೂರಕ್ಕೆ ಒಬ್ಬರು ಇರಬಹುದು. ಪಾದದ ಮುಂದಿನ ಮೂಲೆ ದುಂಡಗಿದೆಯಾ, ಚೂಪಾಗಿ ಎಳೆದುಕೊಂಡಿದೆಯಾ ಎಂಬುದು ಅಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ, ಆಮೇಲೆ ಅದು ಬೇಕೇ ಬೇಕು. ಉದ್ದ ಅಳೆಯುವುದೂ ಹರಿದಾಡುವಾಗಲೇ.

ಡಬ್ಬಿಗೆ ನಿಮ್ಮ ನೆರಳು ಬೀಳಲಿ. ಅಷ್ಟು ಕಡಿಮೆ ನೀರು ನಮ್ಮ ಬಿಸಿಲಿಗೆ ಬೇಗ ಬಿಸಿಯಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ನೀರು ಬದಲಿಸಿ. ಹುಳ ಬಾಯಿ ತೆರೆದು ಹೊರಳಾಡಿದರೆ, ಬೆನ್ನಿನ ಎಳೆಗಳು ಉದುರಿದರೆ, ಲೋಳೆ ಜಾಸ್ತಿ ಬಿಟ್ಟರೆ, ಫೋಟೋ ಸಾಕು. ಕೂಡಲೇ ಹಿಂದೆ ಬಿಡಿ, ಅದೇ ಪಾಚಿಯ ಮೇಲೆ. ಒಂದು ಡಬ್ಬಿಗೆ ಒಂದೇ ಹುಳ. ಜಿಮ್ನೊಡೋರಿಸ್‌ನಂಥವು ಬೇರೆ ಸೀ ಸ್ಲಗ್‌ಗಳನ್ನೇ ತಿನ್ನುತ್ತವೆ.

ಫೋಟೋ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ಮನೆ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ, ನಿಮ್ಮ ಕೊಂಬಿನ ವಿವರ ಎಲ್ಲ ಮಸಿ.

## ಹಂತ 4: ಇದು ಸೀ ಸ್ಲಗ್ ಹೌದಾ?

ನಮ್ಮ ಬಂಡೆಗಳಲ್ಲಿ ಎರಡು ಮೋಸಗಾರರು ಇದ್ದಾರೆ.

ಒಂದನೆಯದು ಪೆರೋನಿಯಾ, ಬೇರೆಯೇ ಗುಂಪಿನ ಚಿಪ್ಪಿಲ್ಲದ ಹುಳ. ನರಹುಲಿ ತುಂಬಿದ ಬೂದು–ಹಸಿರು ಮೈ, ನೀರು ಇಳಿದ ಮೇಲೆ ಒದ್ದೆ ಬಂಡೆಯ ಮೇಲೆ ಆರಾಮಾಗಿ ಓಡಾಡಿಕೊಂಡು ಪಾಚಿ ಕೆರೆದು ತಿನ್ನುತ್ತದೆ. ಬೆನ್ನಿನ ಹಿಂಭಾಗದಲ್ಲಿ ಕವಲೊಡೆದ ಕಿವಿರು ಬೇರೆ ಇದೆ. ಹಾಗಾಗಿ ಎಲ್ಲರೂ ಡೋರಿಡ್ ಅಂದುಬಿಡುತ್ತಾರೆ. ನಾನೂ ಅಂದಿದ್ದೆ, ಅದೂ ಹತ್ತು ಜನರ ಮುಂದೆ. ಕಣ್ಣು ನೋಡಿ: ಪೆರೋನಿಯಾಗೆ ಕಣ್ಣು ಕೊಂಬಿನ ತುದಿಯಲ್ಲಿ, ತೋಟದ ಬಸವನಹುಳುವಿನ ಹಾಗೆ. ಸೀ ಸ್ಲಗ್‌ಗೆ ಕೊಂಬಿನ ತುದಿಯಲ್ಲಿ ಕಣ್ಣಿಲ್ಲ. ಅದರ ಕಣ್ಣು ಎರಡು ಕಪ್ಪು ಚುಕ್ಕೆಗಳಾಗಿ ತಲೆಯ ಚರ್ಮದೊಳಗೆ ಹುದುಗಿರುತ್ತವೆ. ಪೆರೋನಿಯಾದ ಕಿವಿರು ವೃತ್ತಾಕಾರದಲ್ಲೂ ಇರುವುದಿಲ್ಲ.

ಎರಡನೆಯದು ಚಪ್ಪಟೆಹುಳು. ಕಾಗದದಷ್ಟು ತೆಳು, ನೀರುದೋಸೆಯ ಅಂಚಿನ ಹಾಗೆ ಅಲೆಯಲೆ. ಕೊಂಬು ಎಂದು ಕಾಣುವುದು ಮುಂದಿನ ಅಂಚಿನ ಮಡಿಕೆ ಅಷ್ಟೆ. ಕಿವಿರು ಇಲ್ಲ. ಸ್ವಲ್ಪ ಒತ್ತಿದರೂ ಹರಿದುಹೋಗುತ್ತದೆ, ಜೋಪಾನ.

ಮಳೆಗಾಲದಲ್ಲಿ ಮರಳಿನ ಮೇಲೆ ನೀಲಿ–ಬೆಳ್ಳಿ ಬಣ್ಣದ, ಬದಿಗಳಲ್ಲಿ ರೆಕ್ಕೆಯಂತೆ ಬೆರಳು ಚಾಚಿದ ಹುಳ ಸಿಕ್ಕರೆ ಅದು ಗ್ಲಾಕಸ್. ಅದು ಸೀ ಸ್ಲಗ್ ಹೌದು, ಆದರೆ ಮುಟ್ಟಲೇಬೇಡಿ. ಗಾಳಿಗುಳ್ಳೆಯ ನೀಲಿ ಜೆಲ್ಲಿಯನ್ನು ತಿಂದು ಅದರ ಕುಟುಕು ಕೋಶಗಳನ್ನು ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ.

## ಹಂತ 5: ಗುಂಪು ಹಿಡಿಯುವುದು

ಇಲ್ಲಿ ಅವಸರ ಬೇಡ. ನೋಡಬೇಕಾದ ಅಂಗ ಮೂರು: ತಲೆಯ ಮೇಲಿನ ಮೂಗುಕೊಂಬು (ರೈನೋಫೋರ್), ಬೆನ್ನು, ಕಿವಿರು.

ತಲೆ ಸಲಿಕೆಯಂತೆ ಚಪ್ಪಟೆ, ಮೂಗುಕೊಂಬೇ ಇಲ್ಲ, ಮರಳಲ್ಲಿ ಸಿಕ್ಕಿದೆ: ಸೆಫಲಾಸ್ಪಿಡಿಯಾ. ಕೆಲವಕ್ಕೆ ಬೆನ್ನಿನ ಮೇಲೆ ಗುಳ್ಳೆಯಂಥ ತೆಳು ಚಿಪ್ಪು ಕೂಡ ಇರುತ್ತದೆ.

ಮೂಗುಕೊಂಬು ಉಂಟು, ಬೆನ್ನಿನ ಹಿಂದೆ ಕಿವಿರಿನ ಹೂವು ವೃತ್ತವಾಗಿ ಉಂಟು: ಡೋರಿಡ್. ಆ ವೃತ್ತದ ನಡುವೆಯೇ ಗುದದ್ವಾರ.

ಬೆನ್ನ ತುಂಬ ಬೆರಳಿನಂಥ ಎಳೆಗಳು ಇದ್ದರೆ ಕಷ್ಟ ಶುರು. ಈ ಎಳೆಗಳಿಗೆ ಸೆರಾಟಾ ಎನ್ನುತ್ತಾರೆ. ಇಯೋಲಿಡ್‌ಗೂ ಇವು ಇವೆ, ಕೆಲವು ಸ್ಯಾಕೊಗ್ಲಾಸಾಗಳಿಗೂ ಇವೆ. ಹೊಸಬರು ಮುಗ್ಗರಿಸುವುದು ಇಲ್ಲೇ. ಬೇರ್ಪಡಿಸಲು ಮೂಗುಕೊಂಬು ನೋಡಿ. ಇಯೋಲಿಡ್‌ನದು ಗಟ್ಟಿ ಕಡ್ಡಿ: ನುಣುಪಾಗಿರಬಹುದು, ಬಳೆ ತೊಟ್ಟಂತೆ ಇರಬಹುದು, ಆದರೆ ಒಳಗೆ ಟೊಳ್ಳಿಲ್ಲ. ಸ್ಯಾಕೊಗ್ಲಾಸಾದ್ದು ಹೆಚ್ಚಾಗಿ ಸುರುಳಿ, ಬಾಳೆಯ ಸುಳಿ ಎಲೆ ಬಿಚ್ಚುವ ಮೊದಲು ಇರುತ್ತದಲ್ಲ, ಹಾಗೆ. ಉದ್ದಕ್ಕೆ ಒಂದು ಸೀಳು ಕಾಣುತ್ತದೆ. ತೀರಾ ಚಿಕ್ಕ ಕೆಲವು ಕುಲಗಳಲ್ಲಿ ಕೊಂಬು ನುಣುಪಾದ ಕಡ್ಡಿಯಂತೆಯೇ ಇರುವುದೂ ಉಂಟು. ಆಗ ಬಾಯಿಯ ಪಕ್ಕದ ಇನ್ನೊಂದು ಜೊತೆ ಕೊಂಬು ಎಣಿಸಿ. ಇಯೋಲಿಡ್‌ಗೆ ಸಾಮಾನ್ಯವಾಗಿ ಒಟ್ಟು ನಾಲ್ಕು, ಈ ಸ್ಯಾಕೊಗ್ಲಾಸಾಗಳಿಗೆ ಹೆಚ್ಚಾಗಿ ಎರಡೇ. ಜತೆಗೆ ಹಂತ 2ರ ಟಿಪ್ಪಣಿ ತೆಗೆಯಿರಿ: ಹಸಿರು ಪಾಚಿಯ ಮೇಲಿತ್ತಾ, ಹೈಡ್ರಾಯ್ಡ್ ಮೇಲಿತ್ತಾ?

ಕಾಪುವಿನಲ್ಲಿ ಸಿಕ್ಕ ಒಂದು ಹುಳದ ಕಥೆ ಹೇಳುತ್ತೇನೆ. ಆರು ಮಿಲಿಮೀಟರ್, ಪಾಚಿ ಹಸಿರು. ಮೇಲಿನಿಂದ ಒಂದೇ ಫೋಟೋ ತೆಗೆದೆ. ಹಸಿರು ಅಲ್ವಾ, ಎಲಿಸಿಯಾ (ಸ್ಯಾಕೊಗ್ಲಾಸಾಗಳದೇ ಒಂದು ಕುಲ) ಎಂದು ಬರೆದು ಮುಗಿಸಿದೆ. ಎರಡು ವರ್ಷ ಬಿಟ್ಟು ದೊಡ್ಡ ಪರದೆಯಲ್ಲಿ ನೋಡಿದರೆ ಬೆನ್ನಿನಲ್ಲಿ ರೆಕ್ಕೆ ಇಲ್ಲ, ಒತ್ತಾಗಿ ಮಲಗಿದ ಸೆರಾಟಾ. ಎಲಿಸಿಯಾ ಅಂತೂ ಅಲ್ಲವೇ ಅಲ್ಲ. ಕೊಂಬು ಮಸುಕು, ಬದಿಯ ಚಿತ್ರ ಇಲ್ಲ, ಯಾವ ಪಾಚಿ ಎಂದೂ ಬರೆದಿಟ್ಟಿಲ್ಲ. ಅದು ಇವತ್ತಿಗೂ ನನ್ನ ಕಂಪ್ಯೂಟರಿನಲ್ಲಿ "ಸ್ಯಾಕೊಗ್ಲಾಸಾ ಇರಬಹುದು" ಎಂಬ ಹೆಸರಲ್ಲೇ ಕೂತಿದೆ.

ಎಲಿಸಿಯಾದ ಗುರುತು ಬೆನ್ನಿನ ಎರಡು ಬದಿಯ ರೆಕ್ಕೆ. ಮಡಚಿದಾಗ ಎಲೆಯಂತೆ, ಬಿಚ್ಚಿದಾಗ ಒಳಗೆ ನರಗಳ ಜಾಲ. ಪಾಚಿಯ ಹಸಿರು ಕಣಗಳನ್ನು ಜೀರ್ಣಿಸದೆ ಮೈಯೊಳಗೆ ಉಳಿಸಿಕೊಳ್ಳುವುದರಿಂದ ಆ ಹಸಿರು. ರೆಕ್ಕೆ ಬಿಚ್ಚಿದಾಗಿನ ಒಂದು ಫೋಟೋ ಇಲ್ಲದೆ ಎಲಿಸಿಯಾದ ಪ್ರಭೇದ ಹೇಳಲು ಹೋಗಬೇಡಿ. ಕೋಲಿನಿಂದ ಬಿಚ್ಚಿಸಬೇಡಿ, ಬಿಟ್ಟರೆ ತಾನಾಗಿ ಬಿಚ್ಚುತ್ತದೆ.

ಸುರುಳಿ ಕೊಂಬು ಕಂಡ ಕೂಡಲೇ ಸ್ಯಾಕೊಗ್ಲಾಸಾ ಎಂದು ಕುಣಿಯಬೇಡಿ. ಕಡಲಮೊಲ (ಸೀ ಹೇರ್) ಎಂಬ ಇನ್ನೊಂದು ಗುಂಪಿನ ಸೀ ಸ್ಲಗ್ ಮರಿಗೂ ಸುರುಳಿ ಕೊಂಬೇ. ಅದಕ್ಕೆ ಬಾಯಿಯ ಪಕ್ಕದಲ್ಲಿ ಇನ್ನೊಂದು ಜೊತೆ ಅಗಲ ಕೊಂಬು, ಬೆನ್ನಿನ ಮಡಿಕೆಗಳ ನಡುವೆ ಕಿವಿರು. ಕೆಣಕಿದರೆ ನೇರಳೆ ಶಾಯಿ ಬಿಟ್ಟರೂ ಬಿಟ್ಟೀತು. ಮೈಯೆಲ್ಲ ಕವಲು ಜೂಲು, ನಡುವೆ ನೀಲಿ ಚುಕ್ಕೆ ಇರುವ ಬರ್ಸಟೆಲ್ಲಾ ಲೀಚಿಯೈ ಈ ಗುಂಪಿನದೇ.

## ಹಂತ 6: ಕುಟುಂಬ ಮತ್ತು ಕುಲ

ಡೋರಿಡ್ ಆದರೆ ಬ್ರಷ್‌ನ ತುದಿಯಿಂದ ಕಿವಿರನ್ನು ಒಮ್ಮೆ ಮಾತ್ರ ಮುಟ್ಟಿ. ಪೂರ್ತಿ ಬೆನ್ನಿನ ಗುಂಡಿಯೊಳಗೆ ಎಳೆದುಕೊಳ್ಳುತ್ತದಾ, ಸುಮ್ಮನೆ ಕುಗ್ಗುತ್ತದಾ ಬರೆದುಕೊಳ್ಳಿ. ಬೆನ್ನು ನುಣುಪಾ, ಗಂಟು ಗಂಟಾ? ಅಂಚು ಅಲೆಯಲೆಯಾ? ಮೆತ್ತಗಿನ ಮೈ, ಅಲೆಯಾಡುವ ಅಗಲ ಅಂಚು ಇದ್ದರೆ ಡೆಂಡ್ರೊಡೋರಿಸ್ ಇರಬಹುದೇ ಎಂದು ನೋಡಿ. ಆ ಕುಲದವಕ್ಕೆ ರಾಡುಲಾ, ಅಂದರೆ ಹಲ್ಲಿನ ಪಟ್ಟಿ, ಇಲ್ಲವೇ ಇಲ್ಲ. ಸ್ಪಂಜಿನ ಮೇಲೆ ರಸ ಸುರಿದು ಹೀರಿಕೊಳ್ಳುತ್ತವೆ.

ಇಯೋಲಿಡ್ ಆದರೆ ಸೆರಾಟಾದ ಜೋಡಣೆ ಮುಖ್ಯ: ಸಾಲಾ, ಕಮಾನಾ, ಗೊಂಚಲಾ? ಪ್ರತಿ ಬದಿಯಲ್ಲಿ ಎಷ್ಟು ಗುಂಪು? ಪಾದದ ಮುಂದಿನ ಮೂಲೆ ಹೇಗಿದೆ? ಈಗ ಅರ್ಥವಾಯಿತಲ್ಲ, ಅಡಿಯಿಂದ ಫೋಟೋ ಏಕೆ ಕೇಳಿದೆ ಎಂದು. ಕೊಂಬಿನ ಮೇಲೆ ಮಣಿ ಪೋಣಿಸಿದಂತೆ ಉಬ್ಬು ಇದ್ದು, ಬೇರೆಯವರ ಮೊಟ್ಟೆ ಸುರುಳಿಯ ಮೇಲೆ ಕೂತಿದ್ದರೆ ಫೆವರಿನಸ್ ಆಗಿರಬಹುದು. ಅದರ ಊಟವೇ ಉಳಿದವರ ಮೊಟ್ಟೆ. ಮೂಗುಕೊಂಬಿನ ಬುಡ ಲೋಟದಂಥ ತೊಟ್ಟಿಯಲ್ಲಿ ಕೂತಿದ್ದು, ಸೆರಾಟಾ ಗಂಟುಗಂಟಾಗಿ ಮೆಣಸಿನ ಗೊಂಚಲಿನಂತಿದ್ದರೆ ಡೋಟೋ ಕಡೆ ನೋಡಿ. ಇದು ಇಯೋಲಿಡ್ ಥರ ಕಂಡರೂ ಬೇರೆ ಮನೆಯದು.

ಮರಿಗಳ ಬಗ್ಗೆ ಎಚ್ಚರ. ಮೂರು ಮಿಲಿಮೀಟರ್ ಡೋರಿಡ್ ಮರಿಗೆ ಕಿವಿರಿನ ಎಸಳು ಎರಡು ಮೂರು ಮಾತ್ರ ಇರಬಹುದು, ಇಯೋಲಿಡ್ ಮರಿಗೆ ಸೆರಾಟಾದ ಗುಂಪುಗಳು ಕಡಿಮೆ. ಎಣಿಕೆ ಪುಸ್ತಕಕ್ಕೆ ಹೊಂದದಿದ್ದರೆ "ಹೊಸ ಪ್ರಭೇದ" ಎಂದು ಕಿರುಚುವ ಮೊದಲು "ಮರಿಯಾ?" ಎಂದು ಕೇಳಿಕೊಳ್ಳಿ.

## ಹಂತ 7: ಈಗ ಬಣ್ಣ ನೋಡಿ

ಬಣ್ಣ ಏಕೆ ಕೊನೆಗೆ? ಇಯೋಲಿಡ್‌ನ ಸೆರಾಟಾದ ಒಳಗೆ ಹೊಟ್ಟೆಯ ಕವಲು ಹೋಗಿರುತ್ತದೆ. ತಿಂದದ್ದೇ ಹೊರಗೆ ಕಾಣುತ್ತದೆ. ಹೊಟ್ಟೆ ತುಂಬಿದ ಹುಳ ಕಡುಕಂದು, ಹಸಿದದ್ದು ಪೇಲವ. ಎರಡೂ ಒಂದೇ ಪ್ರಭೇದ. ಹಾಗಾಗಿ ಸೆರಾಟಾದ ಒಳಬಣ್ಣ ನಂಬಬೇಡಿ. ಚರ್ಮದ ಮೇಲಿನ ಮಚ್ಚೆ, ಗೆರೆ, ತುದಿಯ ಉಂಗುರ ನಂಬಬಹುದು. ಕ್ರಾಟೆನಾ ಕುಲದ ಹಲವು ಪ್ರಭೇದಗಳಿಗೆ ಕೆನ್ನೆಯಲ್ಲಿ ಕಿತ್ತಳೆ ಮಚ್ಚೆ ಇದೆ. ಅದು ಕುಲ ಹಿಡಿಯಲು ಸಹಾಯ. ಆದರೆ ಮಚ್ಚೆ ನೋಡಿ ಪ್ರಭೇದ ಹೇಳಬೇಡಿ: 2020ರಲ್ಲಿ ಪಶ್ಚಿಮ ಭಾರತದಿಂದಲೇ ಈ ಕುಲದ ಎರಡು ಹೊಸ ಪ್ರಭೇದಗಳನ್ನು ವರ್ಣಿಸಿದ್ದಾರೆ. ಹಳೆಯ ಪಟ್ಟಿಗಳಲ್ಲಿ ಅವು ಸಿಗುವುದಿಲ್ಲ.

ಹೋಲಿಕೆಗೆ ಮೊದಲು ಭಾರತದ ಪಶ್ಚಿಮ ತೀರದ ದಾಖಲೆ, ಆಮೇಲೆ ಶ್ರೀಲಂಕಾ, ಅರಬ್ಬಿ ಸಮುದ್ರ, ಆಮೇಲೆ ಉಳಿದ ಹಿಂದೂ ಮಹಾಸಾಗರ. ಕೆರಿಬಿಯನ್ ಹುಳ ಸುರತ್ಕಲ್‌ನಲ್ಲಿ ಸಿಕ್ಕಿತು ಎಂದು ಫೋನ್‌ನ ಆ್ಯಪ್ ಹೇಳಿದರೆ ಆ್ಯಪ್ ತಪ್ಪಿರುವ ಸಾಧ್ಯತೆಯೇ ಜಾಸ್ತಿ.

ಹೆಸರು ಸಿಕ್ಕ ಮೇಲೆ ಅದು ಈಗಲೂ ಚಾಲ್ತಿಯಲ್ಲಿದೆಯಾ ಎಂದು ಮೊಲಸ್ಕಾಬೇಸ್ ಎಂಬ ಜಾಲತಾಣದ ಹೆಸರುಪಟ್ಟಿಯಲ್ಲಿ ನೋಡಿ. ಹಳೆಯ ಭಾರತೀಯ ಲೇಖನಗಳ ಕ್ರೋಮೋಡೋರಿಸ್ ಬಾಂಬಯಾನಾ ಇವತ್ತು ಗೋನಿಯೋಬ್ರಾಂಕಸ್ ಬಾಂಬಯಾನಸ್. ಹೆಸರಿಟ್ಟವರು ಮತ್ತು ವರ್ಷ, ಅಂದರೆ ವಿಂಕ್‌ವರ್ತ್ 1946, ಆವರಣದೊಳಗೆ ಇದ್ದರೆ "ಮೊದಲು ಬೇರೆ ಕುಲದಲ್ಲಿತ್ತು" ಎಂದರ್ಥ. ಆವರಣ ಇಲ್ಲದಿದ್ದರೆ ಹುಟ್ಟಿದ ಕುಲದಲ್ಲೇ ಇದೆ.

## ಹಂತ 8: ಎಲ್ಲಿ ನಿಲ್ಲಬೇಕು

ಸಾಕ್ಷಿ ಮುಗಿದಲ್ಲಿ ಹೆಸರೂ ನಿಲ್ಲಬೇಕು. ಕುಲದವರೆಗೆ ಖಾತ್ರಿ ಇದ್ದರೆ ಕುಲದ ಹೆಸರಾದ ಮೇಲೆ "ಎಸ್‌ಪಿ." ಎಂದು ಬರೆಯಿರಿ. ಒಂದು ಪ್ರಭೇದಕ್ಕೆ ಹೋಲುತ್ತದೆ, ಪೂರ್ತಿ ಧೈರ್ಯ ಇಲ್ಲ ಎಂದಾದರೆ ಕುಲ ಮತ್ತು ಪ್ರಭೇದದ ಹೆಸರುಗಳ ನಡುವೆ "ಸಿಎಫ್." ಹಾಕಿ. ಇದು ಸೋಲಲ್ಲ. ತಪ್ಪು ಹೆಸರಿನ ದಾಖಲೆಯನ್ನು ಮುಂದಿನವರು ನಂಬಿ ನಕಲು ಮಾಡುತ್ತಾರೆ, ತೊಳೆಯಲು ವರ್ಷಗಟ್ಟಲೆ ಬೇಕು.

ಜೀವಿಗಳ ದಾಖಲೆ ಹಾಕುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವಾಗ ಆರೂ ಫೋಟೋ ಒಂದೇ ದಾಖಲೆಯಲ್ಲಿರಲಿ. ದಿನಾಂಕ, ಜಾಗ, ಇಳಿತದ ಮಟ್ಟ, ಉದ್ದ, ಯಾವುದರ ಮೇಲಿತ್ತು, ಎಷ್ಟು ಹುಳ, ಮೊಟ್ಟೆ ಇತ್ತಾ, ಇಷ್ಟು ಬರೆಯಿರಿ.

ಕೆಲವು ಹುಳ ಫೋಟೋದಿಂದ ಬಗೆಹರಿಯುವುದೇ ಇಲ್ಲ. ರಾಡುಲಾ ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಜನನಾಂಗ ಬಿಡಿಸಬೇಕು, ಡಿಎನ್‌ಎಯ ಸಿಒಐ ಎಂಬ, ಪ್ರಭೇದ ಗುರುತಿಸಲು ಬಳಸುವ ತುಣುಕು ಓದಿಸಬೇಕು. ಅದು ಮನೆಯ ಮೇಜಿನ ಕೆಲಸ ಅಲ್ಲ. ಪ್ರಯೋಗಾಲಯದವರು ಹುಳವನ್ನು ಮೊದಲು ಮೆಗ್ನೀಷಿಯಂ ಕ್ಲೋರೈಡ್ ದ್ರಾವಣದಲ್ಲಿ ಮಂಪರು ಬರಿಸಿ, ಆಮೇಲೆ ಡಿಎನ್‌ಎಗಾಗಿ ಹೆಚ್ಚಿನ ಸಾಂದ್ರತೆಯ ಎಥನಾಲ್‌ನಲ್ಲಿಡುತ್ತಾರೆ. ಜೀವಂತ ಹುಳವನ್ನು ನೇರ ಸ್ಪಿರಿಟ್‌ಗೆ ಹಾಕಿದರೆ ಮುದುಡಿ ಕಡಲೆಕಾಳಾಗುತ್ತದೆ, ರಚನೆ ಏನೂ ಕಾಣುವುದಿಲ್ಲ. ನಿಜವಾಗಿ ಹೊಸದು ಅನ್ನಿಸಿದರೆ ಎಕ್ಕೂರಿನ ಮೀನುಗಾರಿಕಾ ಕಾಲೇಜು ಅಥವಾ ಮಂಗಳೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರದವರ ಹತ್ತಿರ ನಿಮ್ಮ ಆರು ಫೋಟೋ ತೆಗೆದುಕೊಂಡು ಹೋಗಿ. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಆ ದಾರಿ ಅವರಿಗೆ ಗೊತ್ತಿರುತ್ತದೆ.

ಬರಿಗೈಯಲ್ಲಿ ಹೋಗಿ "ಹಸಿರು ಬಣ್ಣದ್ದು ಸಾರ್, ಇಷ್ಟುದ್ದ" ಎಂದು ಕಿರುಬೆರಳು ತೋರಿಸಬೇಡಿ ಮಾರಾಯ್ರೆ. ನಾನು ತೋರಿಸಿದ್ದೇನೆ. ಅವರು ಚಾ ಕುಡಿಸಿ ಕಳಿಸಿದರು.